ಫ್ಲಶ್ ಡ್ರಾ ಇದ್ದಾಗ ರೇಸ್ ಯಾವಾಗ, ಕಾಲ್ ಯಾವಾಗ: ಪಣಜಿಯ ಟೇಬಲ್‌ಗಳಲ್ಲಿ ನನ್ನ ಅನುಭವ

ಮಾಂಡವಿಯ ಕ್ಯಾಸಿನೋ ಹಡಗುಗಳಲ್ಲಿ ನೋ-ಲಿಮಿಟ್ ಹೋಲ್ಡಂ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಆಡುವಾಗ, ಡ್ರಾ (ಇನ್ನೊಂದು ಎಲೆ ಬಂದರೆ ಕೂಡುವ ಕೈ) ಬಂದರೆ ನಾನು ಮೊದಲು ನೋಡುವುದು ಎದುರಿನವರು ಫೋಲ್ಡ್ ಮಾಡುವವರಾ, ಅಂದರೆ ಎಲೆ ಬಿಟ್ಟುಕೊಡುವವರಾ ಎಂದು. ಔಟ್‌ಗಳ (ಡ್ರಾ ಕೂಡಿಸುವ ಎಲೆಗಳ) ಲೆಕ್ಕ ಆಮೇಲೆ. ಫ್ಲಾಪ್‌ನಿಂದ (ಮೇಜಿನ ಮೊದಲ ಮೂರು ಎಲೆ) ರಿವರ್‌ವರೆಗೆ (ಐದನೆಯ, ಕೊನೆಯ ಎಲೆ) ಫ್ಲಶ್ ಡ್ರಾ (ಒಂದೇ ಜಾತಿಯ ಐದು ಎಲೆಗೆ, 9 ಔಟ್) ಕೂಡುವುದು ಶೇ. 35, ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾ (ಸಾಲಾಗಿ ಐದು ಎಲೆಗೆ, 8 ಔಟ್) ಶೇ. 31.5, ಗಟ್‌ಶಾಟ್ (ಸಾಲಿನ ನಡುವಿನ ಒಂದೇ ಎಲೆ ಬೇಕಾದ ಡ್ರಾ) ಶೇ. 16.5. ಟರ್ನ್ (ನಾಲ್ಕನೆಯ ಎಲೆ) ಬಿದ್ದ ಮೇಲೆ ಇವೆಲ್ಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ.

ಬ್ಲೈಂಡ್ (ಇಬ್ಬರು ಮೊದಲೇ ಹಾಕಬೇಕಾದ ಹಣ) 100-200 ಎಂದುಕೊಳ್ಳಿ. ಒಬ್ಬರು 600ಕ್ಕೆ ರೇಸ್ ಮಾಡಿದ್ದಾರೆ (ಬೆಟ್ ಏರಿಸಿದ್ದಾರೆ), ನೀವು ಬಟನ್‌ನಿಂದ (ಕೊನೆಗೆ ಆಡುವ ಜಾಗದಿಂದ) ಕಾಲ್ ಮಾಡಿದ್ದೀರಿ (ಅಷ್ಟೇ ಹಾಕಿದ್ದೀರಿ), ಬ್ಲೈಂಡ್‌ನವರು ಫೋಲ್ಡ್. ಪಾಟ್ (ಮೇಜಿನ ಮೇಲೆ ಕೂಡಿದ ಹಣ) 1,500. ನಿಮ್ಮ ಕೈಯಲ್ಲಿ ಆಟೀನು ಎಕ್ಕ, ಆಟೀನು ಐದು. ಫ್ಲಾಪ್: ಆಟೀನು ರಾಜ, ಆಟೀನು ಒಂಬತ್ತು, ಕಳಾವರ ನಾಲ್ಕು. ಅವರು 1,000 ಹಾಕುತ್ತಾರೆ, ನೀವು 3,200ಕ್ಕೆ ಏರಿಸುತ್ತೀರಿ. ಕೈಯಲ್ಲಿ ಏನೂ ಇಲ್ಲದ ಬರೀ ಬ್ಲಫ್ ಆಗಿದ್ದರೆ, 2,500 ಗೆಲ್ಲಲು 3,200 ಒಡ್ಡಿದಂತೆ. ನಷ್ಟವಾಗದಿರಲು ಅವರು ಶೇ. 56ರಷ್ಟು ಸಲ ಫೋಲ್ಡ್ ಮಾಡಬೇಕು. ಆದರೆ ಇಲ್ಲಿ ಡ್ರಾ ಇದೆ. ಅವರು ಕಾಲ್ ಮಾಡಿದರೆ ಪಾಟ್ 7,900, ಅದರ ಶೇ. 35 ಎಂದರೆ 2,765. ಮುಂದೆ ಬೆಟ್ ಇಲ್ಲ ಎಂದಿಟ್ಟುಕೊಂಡರೆ ಸರಾಸರಿ ನಷ್ಟ 435 ಮಾತ್ರ. ಆಗ ಶೇ. 15ರಷ್ಟು ಸಲ ಫೋಲ್ಡ್ ಸಿಕ್ಕರೂ ಸಾಕು. ಸೆಮಿಬ್ಲಫ್‌ನ (ಡ್ರಾ ಇಟ್ಟುಕೊಂಡು ಮಾಡುವ ಬ್ಲಫ್‌ನ) ಬಲವೆಲ್ಲ 56ಕ್ಕೂ 15ಕ್ಕೂ ನಡುವಿನ ಈ ಅಂತರದಲ್ಲಿದೆ. ಎಕ್ಕ ಬಂದರೂ ಗೆಲ್ಲಬಹುದು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರ ಬಳಿ ಎಕ್ಕ-ರಾಜ ಇದ್ದರೆ ಆ ಔಟ್‌ಗಳು ಸುಳ್ಳು.

ಕೆಡುವುದು ಸ್ಟ್ಯಾಕ್ (ಆಟಗಾರರ ಮುಂದಿರುವ ಹಣ) ವಿಷಯದಲ್ಲಿ. ಇಬ್ಬರದೂ 20,000ದಿಂದ ಶುರುವಾಗಿದ್ದು, ನಿಮ್ಮ ರೇಸ್‌ಗೆ ಅವರು ಆಲ್‌ಇನ್ ಹೋದರೆ (ಇರುವುದನ್ನೆಲ್ಲ ಹಾಕಿದರೆ) ಕಾಲ್‌ಗೆ ಇನ್ನೂ 16,200 ಬೇಕು, ಅಂದರೆ ಶೇ. 40 ಸಾಧ್ಯತೆ. ನಿಮ್ಮಲ್ಲಿರುವುದು 35, ಅವರದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಆಗಿದ್ದರೆ ಸುಮಾರು 25. ಫೋಲ್ಡ್ ಮಾಡಬೇಕು, ಹಾಕಿದ 3,200 ಹೋಯಿತು, ಒಳ್ಳೆಯ ಡ್ರಾ ಕೂಡ ಹೋಯಿತು. ಅದಕ್ಕೇ ರಾಜ, ಒಂಬತ್ತರ ಮೇಲೆ ಮತ್ತೆ ಮತ್ತೆ ರೀ-ರೇಸ್ ಮಾಡುವವರ ಎದುರು ದೊಡ್ಡ ಸ್ಟ್ಯಾಕ್ ಇದ್ದಾಗ ನಾನು ಕಾಲ್ ಅಷ್ಟೇ ಮಾಡುತ್ತೇನೆ. ಸ್ಟ್ಯಾಕ್ 8,000 ಇದ್ದರೆ ಮಾತು ಬೇರೆ: ಉಳಿದ 7,400 ಅನ್ನೂ ನಾನೇ ಮೊದಲು ತಳ್ಳಿಬಿಡುತ್ತೇನೆ. ಶೇ. 40ರಷ್ಟು ಸಲ ಫೋಲ್ಡ್ ಸಿಕ್ಕರೆ ಸರಿಹೋಗುತ್ತದೆ, ಜೊತೆಗೆ ನನ್ನನ್ನು ಓಡಿಸುವ ಅವಕಾಶ ಎದುರಿನವರಿಗೆ ಉಳಿಯುವುದಿಲ್ಲ.

ಶನಿವಾರ ರಾತ್ರಿ ಚೋರ್ಲಾ ಘಾಟಿ ಇಳಿದು ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದವರು ಟೇಬಲ್‌ನಲ್ಲಿದ್ದರೆ ಒಂದೇ ಪಾಟ್‌ಗೆ ನಾಲ್ಕು ಜನ ಇರುವುದು ಸಾಮಾನ್ಯ. ಅಲ್ಲಿ ಸೆಮಿಬ್ಲಫ್ ಬೇಡ. ಒಬ್ಬೊಬ್ಬರೂ ಅರ್ಧದಷ್ಟು ಸಲ ಫೋಲ್ಡ್ ಮಾಡಿದರೂ ಮೂವರೂ ಒಟ್ಟಿಗೆ ಮಾಡುವುದು ಶೇ. 12.5 ಮಾತ್ರ. ಇಂಥ ಪಾಟ್‌ನಲ್ಲಿ ಎಕ್ಕದ ಫ್ಲಶ್‌ಗೆ ಅಗ್ಗದಲ್ಲಿ ಕಾಯಬೇಕು. ಐದು-ಆರರ ಫ್ಲಶ್ ಕೂಡಿದರೂ ಭಯವೇ.

ಟರ್ನ್‌ನಲ್ಲಿ ತಪ್ಪುವವರು ಬಹಳ. ಫ್ಲಾಪ್‌ನ ಶೇ. 35 ಅನ್ನೇ ಹಿಡಿದುಕೊಂಡು ಕಾಲ್ ಮಾಡುತ್ತಾರೆ, ಉಳಿದಿರುವುದು ಒಂದೇ ಎಲೆ. ಪಾಟ್ 4,000, ಬೆಟ್ 2,000 ಎಂದರೆ ಶೇ. 25 ಬೇಕು, ಇರುವುದು 19.6. ಫ್ಲಶ್ ಕೂಡಿದ ಮೇಲೆ ರಿವರ್‌ನಲ್ಲಿ ಸರಾಸರಿ ಇನ್ನೂ 2,200ರಷ್ಟು ವಸೂಲಾಗುತ್ತದೆ ಎನಿಸಿದರೆ ಮಾತ್ರ ಕಾಲ್. ಮೂರನೇ ಆಟೀನು ಕಂಡೊಡನೆ ಕೈಕಟ್ಟುವವರಿಂದ ಅಷ್ಟು ಹುಟ್ಟುವುದಿಲ್ಲ.

ರಿವರ್‌ನಲ್ಲೂ ಕೂಡದೇ ಹೋದರೆ? ಆಟೀನು ಎಕ್ಕ ನಿಮ್ಮ ಕೈಯಲ್ಲೇ ಇದೆ, ಅಂದರೆ ಎದುರಿನವರ ಬಳಿ ಕೂಡದ ಆಟೀನು ಡ್ರಾ ಇರುವ ಸಾಧ್ಯತೆ ಕಡಿಮೆ. ಬೆಟ್ ಕಂಡು ಫೋಲ್ಡ್ ಮಾಡುವುದು ಅಂಥ ಕೈಗಳೇ. ಆದ್ದರಿಂದ ಕೂಡದ ಫ್ಲಶ್‌ನೊಂದಿಗೆ ನಾನು ಮೂರನೇ ಸಲ ಬೆಟ್ ಹಾಕುವುದು ಅಪರೂಪ. ಕೂಡದ ಸ್ಟ್ರೇಟ್ ಡ್ರಾ ಆಗಿದ್ದು, ಅದರಲ್ಲಿ ಆಟೀನು ಒಂದೂ ಇಲ್ಲದಿದ್ದರೆ ಹಾಕುತ್ತೇನೆ.