ಸೋತವರು ಯಾರು?

ಕ್ರೀಡಾಪುಟದ ಅನುವಾದಕ್ಕೆ ಕುಳಿತ ಹೊಸದರಲ್ಲಿ ಗೆದ್ದ ತಂಡವೊಂದನ್ನು ನಾನು ಸೋಲಿಸಿಬಿಟ್ಟಿದ್ದೆ. ಮೂಲದಲ್ಲಿ ಇದ್ದದ್ದು 'ಡಿಫೀಟೆಡ್'. 'ಡಿಫೀಟ್ ಎಂದರೆ ಸೋಲು' ಎಂದು ಉರು ಹೊಡೆದಿದ್ದ ನನಗೆ, ಅದೇ ಪದ ಕ್ರಿಯಾಪದವಾದಾಗ 'ಸೋಲಿಸು' ಆಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಪುಟ ಅಚ್ಚಿಗೆ ಹೋಗುವ ಮುನ್ನ ಹಿರಿಯರೊಬ್ಬರ ಕಣ್ಣಿಗೆ ಬಿದ್ದು ಮಾನ ಉಳಿಯಿತು.

ಅಂದಿನಿಂದ ಪದದ ಅರ್ಥ ಬರೆದುಕೊಳ್ಳುವುದನ್ನು ಬಿಟ್ಟು ಇಡೀ ವಾಕ್ಯವನ್ನೇ ಬರೆದುಕೊಂಡೆ. ಕೆಳಗೆ ಒಂದೇ ಪ್ರಶ್ನೆ: ಸೋತವರು ಯಾರು? 'ಲೂಸ್' ಇದ್ದರೆ ಕರ್ತೃವೇ ಸೋತವನು. ಗೆದ್ದವನ ಹೆಸರಿಗೆ ಮೊದಲು 'ಟು' ಇರುತ್ತದೆ, ಅಂತರಕ್ಕೆ ಮೊದಲು 'ಬೈ'. 'ಬೀಟ್', 'ಡಿಫೀಟ್' ಇದ್ದರೆ ಏಟು ತಿಂದವನು ಕರ್ಮಸ್ಥಾನದಲ್ಲಿರುತ್ತಾನೆ. 'ವಿನ್' ನಮಗೆ ತೊಡಕಿನದು. ಕನ್ನಡದಲ್ಲಿ ಪಂದ್ಯವನ್ನೂ ಗೆಲ್ಲಬಹುದು, ಶತ್ರುವನ್ನೂ ಗೆಲ್ಲಬಹುದು. ಇಂಗ್ಲಿಷಿನಲ್ಲಿ 'ವಿನ್' ಮಾಡುವುದು ಪಂದ್ಯವನ್ನೋ ಪದಕವನ್ನೋ. ಎದುರಾಳಿಯನ್ನು 'ಬೀಟ್' ಮಾಡಬೇಕು.

ಕಾಗುಣಿತವೂ ಕಾಡಿತ್ತು. ಸೋಲುವ 'ಲೂಸ್'ಗೆ ಒಂದೇ 'ಓ', ಕೊನೆಯ ಸದ್ದು ಜೇನ್ನೊಣದ ಝೇಂಕಾರದಂತೆ. ಎರಡು 'ಓ' ಬರೆದರೆ ಅದು ಸಡಿಲವಾದದ್ದು. ತಲೆ ಕೆಟ್ಟವನಂತೆ ಆಡುವವನನ್ನು ನಾವು 'ಲೂಸ್' ಎನ್ನುವುದು ಈ ಎರಡನೆಯದರಿಂದ.

ಆಟದ ಅಂಗಳದ ಹೊರಗೆ 'ಲೂಸ್' ಇನ್ನೂ ಚಂಚಲ. ನಾವು ಕೀಲಿಕೈ ಕಳೆದುಕೊಳ್ಳುತ್ತೇವೆ, ತೂಕ ಇಳಿಸುತ್ತೇವೆ, ದಾರಿ ತಪ್ಪುತ್ತೇವೆ. ಇಂಗ್ಲಿಷಿಗೆ ಎಲ್ಲವೂ 'ಲೂಸ್'. 'ಲಾಸ್ಟ್ ಹಿಸ್ ಟೆಂಪರ್' ಎಂದರೆ ಸಿಟ್ಟು ಕಳೆದುಕೊಂಡ ಎಂದಲ್ಲ, ಸಿಟ್ಟಿಗೆದ್ದ ಎಂದು. ನನ್ನ ದೊಡ್ಡ ಎಡವಟ್ಟು ಮಾತ್ರ 'ಲೂಸ್ ಹಾರ್ಟ್'ನದು. ಸತತವಾಗಿ ಸೋತ ಆಟಗಾರರು 'ಮನಸೋತರು' ಎಂದು ಬರೆದೆ. 'ಯಾರಿಗೆ?' ಎಂದು ಕೇಳಿದರು ಪಕ್ಕದ ಮೇಜಿನವರು. 'ಎದೆಗುಂದಿದರು' ಎಂದಾಗಬೇಕಿತ್ತು. ತಮಾಷೆಯೆಂದರೆ, 'ಹಾರ್ಟ್' ಯಾರದೆಂದು ಹೇಳಿ, ಮುಂದೆ 'ಟು' ಸೇರಿಸಿದರೆ ಇಂಗ್ಲಿಷಿನಲ್ಲೂ ಅದು ಮನಸೋಲುವುದೇ!

'ಡಿಫೀಟ್ಸ್ ದಿ ಪರ್ಪಸ್' ಎಂಬಲ್ಲಿ ಸೋತವರನ್ನು ಹುಡುಕಿ ಸುಸ್ತಾಗಿದ್ದೆ. ಹಳೆಯ ಫ್ರೆಂಚಿನಲ್ಲಿ ಆ ಪದದ ಮೂಲಾರ್ಥ 'ಮಾಡಿದ್ದನ್ನು ಕೆಡಿಸು' ಎಂದು ನಿಘಂಟಿನಲ್ಲಿ ಕಂಡ ಮೇಲೆ 'ಉದ್ದೇಶವೇ ಕೆಟ್ಟಿತು' ಎಂದು ಬರೆಯುವುದು ಸುಲಭವಾಯಿತು.

'ಲೂಸರ್' ಪಂದ್ಯದ ವರದಿಯಲ್ಲಿ ಬರೀ ಸೋತವನು. ಮನುಷ್ಯನ ಬದುಕಿಗೆ ಅಂಟಿಸಿದರೆ ಬೈಗುಳ. 'ಗುಡ್ ಲೂಸರ್' ಎಂದರೆ ಸೋಲನ್ನು ಮುಖ ಗಂಟಿಕ್ಕದೆ ಒಪ್ಪಿಕೊಳ್ಳುವವನು. ಇದಕ್ಕೆ ಒಂದೇ ಪದ ನನಗೆ ಇನ್ನೂ ಸಿಕ್ಕಿಲ್ಲ. ಶೀರ್ಷಿಕೆಯಲ್ಲಿ ಬಂದಾಗಲೆಲ್ಲ ಜಾಗ ಸಾಲದೆ ಒದ್ದಾಡುತ್ತೇನೆ.