ಉಪ್ಪು ತಿಂದವರ ಬಾಯಾರಿಕೆ: ಗಾದೆಗಳಿಂದ ಆಟ ಕಟ್ಟಿದ ನನ್ನ ಅನುಭವ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲಿಯೇ ಕಥೆ ಕಟ್ಟುವ ಆಟವೊಂದನ್ನು ನಾನು ನಡೆಸುತ್ತೇನೆ. ಅದರಲ್ಲಿ ಮೊದಲ ಸಲ ಗಾದೆಯೊಂದು ಕಾಣಿಸಿಕೊಂಡದ್ದು ಕಲ್ಲಿನ ಬಾಗಿಲಾಗಿ. ಪಾಳುಬಿದ್ದ ಕೋಟೆಯ ನೆಲಮಾಳಿಗೆಯಲ್ಲಿದ್ದ ಆ ಬಾಗಿಲಿನ ಮೇಲೆ ‘ಕೈ ಕೆಸರಾದರೆ’ ಎಂದು ಕೆತ್ತಿತ್ತು. ಉಳಿದರ್ಧವನ್ನು ಗಟ್ಟಿಯಾಗಿ ಹೇಳಿದವರಿಗೆ ಅದು ತೆರೆದುಕೊಳ್ಳಬೇಕಾಗಿತ್ತು. ಹಿಂದಿನ ರಾತ್ರಿ ಅದನ್ನು ಬರೆದಿಟ್ಟುಕೊಂಡಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಆಟದ ದಿನ ನನ್ನ ವರ್ಣನೆ ಮುಗಿಯುವ ಮೊದಲೇ ಐವರಲ್ಲಿ ಮೂವರು ಒಟ್ಟಿಗೆ ‘ಬಾಯಿ ಮೊಸರು’ ಎಂದರು, ಬಾಗಿಲು ತೆರೆಯಿತು, ನಾನು ಎರಡು ಗಂಟೆ ಕೂತು ಹೆಣೆದದ್ದು ಎರಡು ಕ್ಷಣದಲ್ಲಿ ಮುಗಿಯಿತು. ಉಳಿದ ಇಬ್ಬರಲ್ಲಿ ಒಬ್ಬರು ಹೊರದೇಶದಲ್ಲಿ ಬೆಳೆದವರು, ಇನ್ನೊಬ್ಬರು ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಇಂಗ್ಲಿಷ್ ಕಲಿತವರು; ಅವರಿಬ್ಬರೂ ಏನಾಯಿತೆಂದು ತಿಳಿಯದೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಗಾದೆ ಗೊತ್ತಿದ್ದವರಿಗೆ ಅದು ಒಗಟೇ ಆಗಿರಲಿಲ್ಲ, ಗೊತ್ತಿಲ್ಲದವರಿಗೆ ಅದನ್ನು ಬಿಡಿಸುವ ದಾರಿಯೇ ಇರಲಿಲ್ಲ. ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಗಾದೆ ವಿಸ್ತರಿಸಿ ಎಂದು ಕೇಳಿದಾಗ ನಾವೆಲ್ಲ ಕಣ್ಣುಮುಚ್ಚಿ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಮೊದಲ ಸಾಲು ಗೀಚುತ್ತಿದ್ದೆವಲ್ಲ, ಅದಕ್ಕೂ ನನ್ನ ಬಾಗಿಲಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಈ ಬಗೆಯ ಆಟವನ್ನು ಕಾಣದವರಿಗಾಗಿ ಒಂದೆರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಮೂಲ. ನಾಲ್ಕೈದು ಮಂದಿ ತಮಗೊಂದೊಂದು ಪಾತ್ರವನ್ನು ಕಟ್ಟಿಕೊಂಡು ಮೇಜಿನ ಸುತ್ತ ಕೂರುತ್ತಾರೆ; ಡಿಎಂ, ಅಂದರೆ ಡಂಜನ್ ಮಾಸ್ಟರ್, ಎಂದು ಕರೆಸಿಕೊಳ್ಳುವ ಒಬ್ಬರು ಊರು, ಕಾಡು, ರಾಕ್ಷಸ, ಅಂಗಡಿಯವನು ಎಲ್ಲವೂ ಆಗುತ್ತಾರೆ; ಪಾತ್ರಗಳು ಏನು ಮಾಡಹೊರಟರೂ ಫಲ ನಿಶ್ಚಿತವಲ್ಲದ ಕಡೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಪಾತ್ರಗಳಿಗೆ ಒಪ್ಪಿಸುವ ಕೆಲಸಕ್ಕೆ ಕ್ವೆಸ್ಟ್ ಎನ್ನುತ್ತೇವೆ. ನಮ್ಮ ಗುಂಪು ಕನ್ನಡದಲ್ಲಿಯೇ ಆಡುವುದರಿಂದ ಪರದೇಶದ ಕೋಟೆ ಕೊತ್ತಲಗಳ ಬದಲು ನಮಗೆ ಪರಿಚಯವಿರುವ ಕೆರೆ, ಸಂತೆ, ಅಗಸೆಬಾಗಿಲುಗಳ ಒಂದು ಕಲ್ಪಿತ ನಾಡನ್ನು ಕಟ್ಟಿಕೊಂಡಿದ್ದೇವೆ, ಗಾದೆಗಳು ಅಲ್ಲಿಗೆ ತಾವಾಗಿಯೇ ನಡೆದುಬಂದವು.

ಆ ಕಲ್ಲಿನ ಬಾಗಿಲಿನ ಸೋಲಿನ ಬಳಿಕ ನಾನು ಹಾಕಿಕೊಂಡ ನಿಯಮ ಒಂದೇ: ಗಾದೆ ಪ್ರಶ್ನೆಗೆ ಉತ್ತರವಾಗಬಾರದು, ಅದು ಆ ಊರಿನ ಕಾನೂನಾಗಬೇಕು. ಕಲ್ಲು ಮೇಲಿಂದ ಬಿಟ್ಟರೆ ಕೆಳಗೆ ಬೀಳುವಷ್ಟೇ ಖಚಿತವಾಗಿ ಅಲ್ಲಿ ಗಾದೆ ನಡೆಯಬೇಕು; ಆಟಗಾರರು ಅದನ್ನು ಬಾಯಿಂದ ಹೇಳುವ ಅಗತ್ಯ ಬೀಳಬಾರದು, ಅದಕ್ಕೆ ತಲೆಕುಟ್ಟಿಕೊಂಡು ನೋವಾದ ಮೇಲೆ ಗುರುತಿಸಬೇಕು.

ಈ ನಿಯಮದ ಮೇಲೆ ಕಟ್ಟಿದ ಮೊದಲ ಒಗಟಿನ ಒಳಗಿದ್ದದ್ದು ‘ತುಂಬಿದ ಕೊಡ ತುಳುಕುವುದಿಲ್ಲ’. ಬತ್ತಿದ ಕಲ್ಯಾಣಿಯೊಂದಕ್ಕೆ ಸುರಂಗದ ಆಚೆಯ ಬುಗ್ಗೆಯಿಂದ ನೀರು ತರಬೇಕು. ಸುರಂಗದಲ್ಲಿ ಕಣ್ಣಿಲ್ಲದ, ಆದರೆ ಸೂಜಿ ಬಿದ್ದರೂ ಕೇಳಿಸಿಕೊಳ್ಳುವ ಕಾವಲುಮೃಗ ಮಲಗಿರುತ್ತದೆ. ಯಾರಿಗಾದರೂ ಮೊದಲು ಹೊಳೆಯುವುದು ಕೊಡವನ್ನು ಅರ್ಧ ತುಂಬಿಸಿಕೊಳ್ಳುವ ಉಪಾಯ, ಏಕೆಂದರೆ ಭಾರವೂ ಕಡಿಮೆ, ಚೆಲ್ಲುವ ಭಯವೂ ಇಲ್ಲ. ಆದರೆ ಅರ್ಧ ತುಂಬಿದ ಪಾತ್ರೆಯಲ್ಲಿಯೇ ನೀರಿಗೆ ಹೊಯ್ದಾಡಲು ಜಾಗ ಸಿಗುವುದು. ನೀರಿನ ಟ್ಯಾಂಕರ್ ಲಾರಿಗಳ ಒಳಗೆ ಅಡ್ಡತಡಿಕೆಗಳನ್ನು ಕೂರಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ಅರ್ಧ ಕೊಡ ಹೊತ್ತವರು ಸುರಂಗದ ಮೂರು ತಿರುವುಗಳಲ್ಲಿ ಪ್ರತಿಯೊಂದರಲ್ಲೂ ದಾಳದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬೀಳಿಸಬೇಕೆಂದು ಇಟ್ಟೆ. ಒಂದು ತಿರುವು ದಾಟುವ ಸಾಧ್ಯತೆ ನೂರಕ್ಕೆ 30. ಮೂರನ್ನೂ ದಾಟುವ ಸಾಧ್ಯತೆ ನೂರಕ್ಕೆ ಮೂರೂ ಇಲ್ಲ. ಕಂಠಮಟ್ಟ ತುಂಬಿಸಿ ಬಾಯಿ ಬಿಗಿದ ಕೊಡಕ್ಕೆ ದಾಳವೇ ಬೇಡ, ಅದು ಸದ್ದು ಮಾಡುವುದಿಲ್ಲ; ಆದರೆ ಅದನ್ನು ಹೊರಲು ಇಬ್ಬರು ಬೇಕು, ಇಬ್ಬರ ಕೈಯಲ್ಲಿಯೂ ಆಗ ಕತ್ತಿಯಾಗಲಿ ಪಂಜಾಗಲಿ ಇರಲಾರದು. ಎರಡು ಸಲ ಮೃಗದಿಂದ ಪೆಟ್ಟು ತಿಂದ ಮೇಲೆ ತುಳು ಮನೆಮಾತಿನ ಆಟಗಾರ್ತಿಯೇ ‘ಪೂರ್ತಿ ತುಂಬಿಸಿ ನೋಡೋಣ’ ಎಂದರು. ಕಲ್ಯಾಣಿಗೆ ನೀರು ಬಿದ್ದ ಮೇಲೆ ಇನ್ನೊಬ್ಬರು ಹಣೆ ಚಚ್ಚಿಕೊಂಡು ಗಾದೆ ಹೇಳಿದರು. ಗೊತ್ತಿಲ್ಲದವರು ಬಿಡಿಸಿದರು, ಗೊತ್ತಿದ್ದವರು ಆಮೇಲೆ ಗುರುತಿಸಿದರು. ನನಗೆ ಬೇಕಾಗಿದ್ದ ಕ್ರಮ ಇದೇ.

ಎಲ್ಲ ಗಾದೆಯೂ ಹೀಗೆ ಬಗ್ಗುವುದಿಲ್ಲ. ಕೊಡ, ಉಪ್ಪು, ಗಿಡ, ಬೇಲಿ, ದೀಪದಂತಹ ಒಂದು ವಸ್ತುವೂ ಅದರ ಸುತ್ತ ಒಂದು ಕ್ರಿಯೆಯೂ ಇರುವ ಗಾದೆಯಿಂದ ಆಟ ಹುಟ್ಟುತ್ತದೆ. ಬರಿಯ ಬುದ್ಧಿಮಾತಿನಿಂದ ಹುಟ್ಟುವುದಿಲ್ಲ. ‘ತಾಳಿದವನು ಬಾಳಿಯಾನು’ ಎಂಬುದನ್ನು ನಂಬಿ, ಸುಮ್ಮನೆ ಕಾದರೆ ಮಾತ್ರ ದಾರಿ ಬಿಡುವ ದ್ವಾರಪಾಲಕನೊಬ್ಬನನ್ನು ಒಮ್ಮೆ ನಿಲ್ಲಿಸಿದ್ದೆ. ಆಟಗಾರರು ಹತ್ತು ನಿಮಿಷ ಅವನನ್ನು ಬಗೆಬಗೆಯಾಗಿ ಮಾತನಾಡಿಸಿದರು, ಆಮೇಲೆ ಮೊಬೈಲು ತೆಗೆದರು, ಒಬ್ಬರು ಎದ್ದು ಚಹಾಕ್ಕೆ ಇಟ್ಟರು. ಅಂತೂ ದಾರಿ ಬಿಟ್ಟಿತು, ಆದರೆ ಅದನ್ನು ಯಾರೂ ಗಮನಿಸಲಿಲ್ಲ. ವಸ್ತುವಿರುವ ಗಾದೆಗಳನ್ನು ಹುಡುಕಲು ನನಗೆ ಹೆಚ್ಚು ನೆರವಾದದ್ದು ಕಿಟೆಲ್ಲರ 1894ರ ನಿಘಂಟು. ಅದರಲ್ಲಿ ಎಷ್ಟೋ ಪದಗಳ ಅರ್ಥದ ಜೊತೆಗೆ ಆ ಪದವಿರುವ ಗಾದೆಯನ್ನೂ ಕೊಟ್ಟಿರುವುದರಿಂದ, ಮೊದಲು ವಸ್ತುವನ್ನು ಆರಿಸಿಕೊಂಡು ಆ ಪದದ ಕೆಳಗೆ ಕಣ್ಣಾಡಿಸಿದರೆ ಸಾಕು. ಹಾಗೆ ಓದುತ್ತ ಹೋದರೆ ಜಾತಿಯನ್ನು ಹಳಿಯುವ, ಹೆಂಗಸರನ್ನು ಹೀಗಳೆಯುವ ಗಾದೆಗಳೂ ಸಾಲುಸಾಲಾಗಿ ಎದುರಾಗುತ್ತವೆ. ಅಂಥವನ್ನು ನಾನು ಆಟಕ್ಕೆ ತರುವುದಿಲ್ಲ. ಕಲ್ಪಿತ ಲೋಕಕ್ಕೆ ಗಾದೆಯನ್ನು ಕಾನೂನು ಮಾಡಹೊರಟವನು ಯಾವುದನ್ನು ಕಾನೂನು ಮಾಡುತ್ತಿದ್ದೇನೆಂದು ನೋಡಿಕೊಳ್ಳಲೇಬೇಕಾಗುತ್ತದೆ.

ಹಳೆಯ ಪದಗಳದ್ದು ಇನ್ನೊಂದು ತೊಡಕು. ‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’ ಎಂಬುದರಿಂದ ಒಂದು ಕಣಜದ ಒಗಟು ಮಾಡಿದ್ದೆ. ಆಟಗಾರರಲ್ಲೊಬ್ಬರು ಬಳ್ಳವೆಂದರೆ ಬಳ್ಳಿ ಎಂದುಕೊಂಡು ಗೋಡೆಗೆ ಹಬ್ಬಿದ ಬಳ್ಳಿಯನ್ನು ಅರ್ಧ ಗಂಟೆ ಶೋಧಿಸಿದರು. ತಪ್ಪು ನನ್ನದು, ಸೇರು, ಬಳ್ಳ, ಕೊಳಗಗಳನ್ನು ಕಣ್ಣಾರೆ ಕಾಣದ ತಲೆಮಾರಿಗೆ ಅದು ಧಾನ್ಯ ಅಳೆಯುವ ಮಾನವೆಂದು ತಿಳಿಯುವುದಾದರೂ ಹೇಗೆ? ಮುಂದಿನ ಸಲ ಅಜ್ಜಿಯ ಮನೆಯ ಹಿತ್ತಾಳೆಯ ಅಳತೆಪಾತ್ರೆಯನ್ನೇ ತಂದು ಮೇಜಿನ ಮೇಲಿಟ್ಟೆ, ವಿವರಣೆಯ ಅಗತ್ಯ ಬೀಳಲಿಲ್ಲ.

ನನ್ನ ಲೆಕ್ಕದಲ್ಲಿ ಚೆನ್ನಾಗಿ ಕೂಡಿಬಂದ ಕ್ವೆಸ್ಟುಗಳು ಎರಡು. ಮೊದಲನೆಯದು ‘ಹಿತ್ತಲ ಗಿಡ ಮದ್ದಲ್ಲ’ ಎಂಬುದರದ್ದು. ಊರಿನ ಮುಖ್ಯಸ್ಥನ ಮಗಳಿಗೆ ಜ್ವರ, ಅದಕ್ಕೆ ಬೇಕಾದ ಗಿಡ ಏಳು ಬೆಟ್ಟದಾಚೆ ಇದೆಯೆಂದು ವೈದ್ಯ ಹೇಳುತ್ತಾನೆ. ಮೊದಲ ಕರಡಿನಲ್ಲಿ ಗಿಡ ಅವರ ಹಿತ್ತಲಲ್ಲಿಯೇ ಇತ್ತು. ಆದರೆ ಗಾದೆ ಬಲ್ಲವರು ಮೊದಲ ನಿಮಿಷದಲ್ಲಿಯೇ ಹಿತ್ತಲಿಗೆ ಓಡುತ್ತಾರೆಂಬುದು ಕಲ್ಲಿನ ಬಾಗಿಲಿನ ಪಾಠದಿಂದ ನನಗೆ ತಿಳಿದಿತ್ತು. ನಾವು ಆ ಗಾದೆಯನ್ನು ಆಡುವುದು ವ್ಯಂಗ್ಯವಾಗಿ, ಹಿತ್ತಲ ಗಿಡ ನಿಜಕ್ಕೂ ಮದ್ದೇ, ನಮಗೆ ಅದರ ಬೆಲೆ ತಿಳಿಯದು ಎಂಬ ಅರ್ಥದಲ್ಲಿ. ಆ ವ್ಯಂಗ್ಯವನ್ನು ಕಳಚಿ, ಅಕ್ಷರಶಃ ನಡೆಯುವಂತೆ ಮಾಡಿದರೆ ಏನಾದೀತು ಎಂದು ಯೋಚಿಸಿದೆ. ಆ ಊರಿನಲ್ಲಿ ಯಾವ ಗಿಡವೂ ಅದು ಬೆಳೆದ ಮನೆಯವರಿಗೆ ಮದ್ದಾಗುವುದಿಲ್ಲ. ಬೇರೆಯವರ ಹಿತ್ತಲಿನಿಂದ, ಅವರು ಕೈಯೆತ್ತಿ ಕೊಟ್ಟಿದ್ದಾದರೆ ಮಾತ್ರ ಫಲಿಸುತ್ತದೆ. ನಿರೀಕ್ಷಿಸಿದ ಹಾಗೆಯೇ ಮೂವರು ಹಿತ್ತಲಿಗೆ ನುಗ್ಗಿ, ಗಿಡ ಕಿತ್ತು, ಅರೆದು ಕುಡಿಸಿ, ಗೆದ್ದೆವೆಂದು ಬೀಗಿದರು. ಜ್ವರ ಇಳಿಯಲಿಲ್ಲ. ಗಾದೆ ಗೊತ್ತಿಲ್ಲದ ಇಬ್ಬರು ಮಾತ್ರ ಊರವರನ್ನು ಸಾವಧಾನವಾಗಿ ವಿಚಾರಿಸಿ, ಇಪ್ಪತ್ತು ವರ್ಷದಿಂದ ಪಕ್ಕದ ಮನೆಯೊಂದಿಗೆ ಬೇಲಿಯ ಜಗಳವಿರುವುದನ್ನೂ, ಬೇಲಿಯಾಚೆ ಅದೇ ಗಿಡವಿರುವುದನ್ನೂ ಕಂಡುಕೊಂಡರು. ಆಮೇಲೆ ನಡೆದದ್ದು ಯುದ್ಧವಲ್ಲ, ಎರಡು ಮನೆಗಳ ನಡುವಿನ ರಾಜಿ ಪಂಚಾಯಿತಿ. ಅದಕ್ಕೆ ಎರಡು ಭಾನುವಾರ ಹಿಡಿಯಿತು.

ಎರಡನೆಯದು ಉಪ್ಪಿನದು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರವನ್ನು ನೋಡಿಬಂದ ಮೇಲೆ ಅದನ್ನು ಬರೆದೆ. ಭರತದ ನೀರನ್ನು ಒಳಬಿಟ್ಟು, ಆಳವಿಲ್ಲದ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ ಉಪ್ಪನ್ನು ಬಾಚಿ ಗುಡ್ಡೆ ಹಾಕುವ ಆ ಕೆಲಸ ಪೂರ್ತಿ ಬಿಸಿಲನ್ನೇ ನಂಬಿದ್ದು. ಹಂಗಾಮಿನ ನಡುವೆ ಅಕಾಲ ಮಳೆಯೊಂದು ಸುರಿದರೆ ಮಡಿಗಳಲ್ಲಿದ್ದದ್ದು ಕರಗಿಹೋಗುತ್ತದೆ. ನನ್ನ ಕಲ್ಪಿತ ಊರಿನಲ್ಲಿಯೂ ಅಂಥದೊಂದು ಮಳೆಯಾಗಿದೆ, ದೇವಸ್ಥಾನದ ಉಗ್ರಾಣದ ಉಪ್ಪು ಕಳುವಾಗಿದೆ, ಕಳ್ಳನನ್ನು ಹಿಡಿಯಲು ಪಾತ್ರಗಳು ಬಂದಿವೆ. ಊರಿನ ಕಾನೂನು ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’: ಕದ್ದ ಉಪ್ಪನ್ನು ತಿಂದವರಿಗೆ, ತಿಳಿದು ತಿಂದಿರಲಿ ತಿಳಿಯದೆ ತಿಂದಿರಲಿ, ಎಷ್ಟು ಕುಡಿದರೂ ತೀರದ ಬಾಯಾರಿಕೆ. ಒಂದು ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವುಗಳಿರಬೇಕೆಂಬುದು ಈ ಆಟ ನಡೆಸುವವರಲ್ಲಿ ಬಳಕೆಯಲ್ಲಿರುವ ಮಾತು. ಒಂದನ್ನು ಆಟಗಾರರು ಕಾಣುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ಅಂತೆಯೇ ಕೇರಿಯೊಂದರಲ್ಲಿ ಮಾತ್ರ ತಳ ಕಂಡ ಬಾವಿ, ದಿನಕ್ಕೆ ಐದು ಸಲ ನೀರಿಗೆ ಬರುವ ಮಕ್ಕಳು, ಕುಂಬಾರನ ಹತ್ತಿರ ಒಮ್ಮೆಲೇ ಕೊಂಡ ಹೊಸ ಗಡಿಗೆಗಳು, ಹೀಗೆ ಮೂರನ್ನು ಇಟ್ಟಿದ್ದೆ.

ನಾಲ್ಕನೆಯ ಸುಳಿವನ್ನು ಆಟಗಾರರ ಮೈಯೊಳಗೇ ಇಟ್ಟಿದ್ದೆ. ಆ ಊರಿಗೆ ಬಂದ ಮೊದಲ ರಾತ್ರಿ ಅವರ ಪಾತ್ರಗಳಿಗೆ ಗಂಜಿ ಬಡಿಸಿ ಮಲಗಲು ಜಾಗ ಕೊಟ್ಟದ್ದು ಆಗರದ ಮುದುಕಿಯೊಬ್ಬಳು. ಅಂದಿನಿಂದ ಪ್ರತಿ ದೃಶ್ಯದ ನಡುವೆ ‘ನಿನಗೆ ಮತ್ತೆ ಬಾಯಾರಿಕೆಯಾಗುತ್ತಿದೆ’ ಎಂದು ಹೇಳುತ್ತ ಬಂದಿದ್ದೆ. ಅವರು ಅದನ್ನು ಕರಾವಳಿಯ ಬೇಸಿಗೆಯ ವರ್ಣನೆ ಎಂದುಕೊಂಡಿದ್ದರು. ಧಾರವಾಡದ ಗೆಳೆಯ ಪಾತ್ರದಲ್ಲಿದ್ದುಕೊಂಡೇ ‘ಅವ್ವಾ, ಇನ್ನೊಂದ್ ಚರಿಗಿ ನೀರ ಕೊಡ್ರಿ’ ಎಂದು ಮೂರನೆಯ ಸಲ ಕೇಳಿದವನು ಮಾತು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ. ಮೇಜಿನ ಸುತ್ತ ಸದ್ದಡಗಿತು. ಮಳೆಗೆ ತನ್ನ ಮಡಿಯ ಉಪ್ಪೆಲ್ಲ ಕರಗಿಹೋದ ಮುದುಕಿ ಉಗ್ರಾಣದಿಂದ ಕದ್ದಿದ್ದಳು, ಅದನ್ನೇ ಕೇರಿಗೆಲ್ಲ ಹಂಚಿದ್ದಳು, ಅತಿಥಿಗಳಿಗೂ ಬಡಿಸಿದ್ದಳು.

ಇಲ್ಲಿಗೆ ಒಗಟು ಬಿಡಿಸಿದ ಹಾಗಾಯಿತು, ಕ್ವೆಸ್ಟು ಮುಗಿಯಲಿಲ್ಲ. ಏಕೆಂದರೆ ಉಪ್ಪಿಗೆ ಇನ್ನೊಂದು ಗಾದೆಯೂ ಇದೆ: ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ.’ ಒಂದೇ ವಸ್ತುವನ್ನು ಹಿಡಿದು ಒಂದಕ್ಕೊಂದು ಎದುರು ನಿಲ್ಲುವ ಎರಡು ಗಾದೆಗಳು ಸಿಕ್ಕರೆ ನಾನು ಬೇರೆ ಖಳನನ್ನು ಹುಡುಕಲು ಹೋಗುವುದಿಲ್ಲ. ಮಾತಿನ ವಿಷಯದಲ್ಲಿಯೂ ಹೀಗೆಯೇ, ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದ ಬಾಯಿಯೇ ‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎನ್ನುತ್ತದೆ. ಅದನ್ನು ಇನ್ನೂ ಬಳಸಿಲ್ಲ. ಮುದುಕಿಯನ್ನು ಒಪ್ಪಿಸಿದರೆ ಬಾಯಾರಿಕೆ ತಕ್ಷಣ ನಿಲ್ಲುತ್ತದೆ, ಆದರೆ ಅನ್ನ ಹಾಕಿದವಳಿಗೆ ಎರಡು ಬಗೆದಂತಾಗುತ್ತದೆ. ಮುಚ್ಚಿಟ್ಟರೆ ಕೇರಿಯ ಮಕ್ಕಳೆಲ್ಲ ಬಾಯಾರಿ ನರಳುತ್ತಾರೆ. ಮೂರನೆಯ ದಾರಿಯನ್ನು ನಾನು ಬರೆದಿಟ್ಟಿರಲಿಲ್ಲ. ಕಳುವಾದಷ್ಟು ಉಪ್ಪನ್ನು ತಾವೇ ಬೆಳೆದು ಉಗ್ರಾಣಕ್ಕೆ ತುಂಬಿಸುತ್ತೇವೆಂದು ನಾಲ್ವರು ಹೇಳಿದಾಗ, ಹಂಗಾಮು ಮುಗಿಯಲು ಎಷ್ಟು ದಿನವಿದೆ, ದಿನಕ್ಕೆ ಎಷ್ಟು ಬುಟ್ಟಿ ಬಾಚಬಹುದು ಎಂಬುದನ್ನು ನಾನು ಅಲ್ಲಿಯೇ ಕೂತು ಲೆಕ್ಕ ಹಾಕಬೇಕಾಯಿತು.

ಐದನೆಯವನು, ಅದೇ ಧಾರವಾಡದ ಗೆಳೆಯ, ಒಪ್ಪಲಿಲ್ಲ. ತನ್ನ ಪಾತ್ರ ನ್ಯಾಯಕ್ಕೆ ಹೆಸರಾದ ಯೋಧನೆಂದೂ ಅವನು ಸುಳ್ಳಿನಲ್ಲಿ ಪಾಲುಗಾರನಾಗಲಾರನೆಂದೂ ಹೇಳಿ ದೇವಸ್ಥಾನದವರಿಗೆ ನಿಜ ತಿಳಿಸಿದ. ಅವನ ಬಾಯಾರಿಕೆ ಆ ಕ್ಷಣವೇ ನಿಂತಿತು. ಉಳಿದ ನಾಲ್ವರು ಮುದುಕಿಯ ಪರವಾಗಿ ಆಣೆಯಿಟ್ಟು, ದಂಡವನ್ನು ತಮ್ಮ ಮೇಲೆ ಹಾಕಿಕೊಂಡು, ಮುಂದಿನ ಆರು ವಾರಗಳ ಕಥೆಯ ಉದ್ದಕ್ಕೂ ನೀರಿನ ಗಡಿಗೆ ಪಕ್ಕಕ್ಕಿಟ್ಟುಕೊಂಡೇ ಉಪ್ಪು ಬಾಚಿದರು. ಯೋಧನಿಗೆ ಆ ಕೇರಿಯ ಯಾವ ಮನೆಯಲ್ಲಿಯೂ ಮತ್ತೆ ಎಲೆ ಹಾಕಲಿಲ್ಲ. ಇದನ್ನು ನಾನು ಯಾವ ನಿಯಮದಲ್ಲಿಯೂ ಬರೆದಿರಲಿಲ್ಲ. ಮುದುಕಿಯಾಗಿ ಮಾತನಾಡುತ್ತಿದ್ದ ನನ್ನ ಬಾಯಲ್ಲಿ ‘ಇವತ್ತು ಅಡುಗೆ ಆಗಲಿಲ್ಲ ಮಗಾ’ ಎಂಬ ಮಾತು ತಾನಾಗಿ ಬಂತು, ಗೆಳೆಯ ಸುಮ್ಮನೆ ತಲೆಯಾಡಿಸಿ ತನ್ನ ಪಾತ್ರದ ಹಾಳೆಯಲ್ಲಿ ಬುತ್ತಿಯ ಲೆಕ್ಕವನ್ನು ಒಂದು ಕಡಿಮೆ ಮಾಡಿಕೊಂಡ.