ನಾಮಿನಿ ಅತ್ತೆ, ಪಿಂಚಣಿ ನನಗೆ

ಗಂಡನ ಬೊಜ್ಜ (ಉತ್ತರಕ್ರಿಯೆ) ಮುಗಿದು ನಾಲ್ಕನೆಯ ದಿನ, ಅವರು ಕೆಲಸಕ್ಕಿದ್ದ ಮಲ್ಪೆಯ ಮೀನು ಸಂಸ್ಕರಣಾ ಘಟಕಕ್ಕೆ ಹೋದೆ. ಲೆಕ್ಕಪತ್ರ ನೋಡುವವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಪಿಎಫ್‌ಗೆ ನಾಮಿನಿ ಅವರ ತಾಯಿ, ಅಕ್ಕಾ. ನಿಮ್ಮ ಹೆಸರೇ ಇಲ್ಲ. ಸರ್ವಿಸ್ ಆರೇ ವರ್ಷ, ಹತ್ತು ತುಂಬದೆ ಪಿಂಚಣಿಯೂ ಇಲ್ಲ" ಎಂದರು. ಒಂದೇ ಉಸಿರಿನಲ್ಲಿ ಎರಡು ತಪ್ಪು. ಅವು ತಪ್ಪೆಂದು ಆಗ ನನಗೆಲ್ಲಿ ಗೊತ್ತು? ಮಳೆಯಲ್ಲಿ ನೆನೆದುಕೊಂಡೇ ಬಸ್ ಹತ್ತಿದೆ.

ತಿಳಿದದ್ದು ಉಡುಪಿಯ ಭವಿಷ್ಯನಿಧಿ (ಪಿಎಫ್) ಕಚೇರಿಯಲ್ಲಿ ಸ್ವತಃ ವಿಚಾರಿಸಿದಾಗ. ಗಂಡ ಅಮ್ಮನ ಹೆಸರು ಬರೆದುಕೊಟ್ಟದ್ದು ಮದುವೆಗೆ ಮೊದಲು. 1952ರ ಭವಿಷ್ಯನಿಧಿ ಯೋಜನೆಯ ಪ್ರಕಾರ ಮದುವೆಯಾದೊಡನೆ ಆ ನಾಮನಿರ್ದೇಶನ ಅಸಿಂಧು. ಹೊಸದು ಬರೆದಿಲ್ಲದಿದ್ದರೆ ಹಣ ಕುಟುಂಬದವರಿಗೆ ಸಮಪಾಲು. ನಮ್ಮಲ್ಲಿ ನಾನು, ಸಣ್ಣ ಮಕ್ಕಳಿಬ್ಬರು, ಮಗನ ಆಸರೆಯಲ್ಲೇ ಇದ್ದ ಅತ್ತೆ, ಹೀಗೆ ನಾಲ್ಕು ಪಾಲು.

ಹತ್ತು ವರ್ಷದ ಲೆಕ್ಕ ಬದುಕಿರುವ ನೌಕರನ ಪಿಂಚಣಿಗೆ ಮಾತ್ರ. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ, 1995ರ ಪಿಂಚಣಿ ಯೋಜನೆಗೆ ಒಂದು ತಿಂಗಳ ವಂತಿಗೆ ಸಂದಿದ್ದರೂ ಸಾಕು. ಹೆಂಡತಿಗೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಅದರ ಮೇಲೆ ಇಬ್ಬರು ಮಕ್ಕಳಿಗೆ, ಅಮ್ಮನ ಪಿಂಚಣಿಯ ಶೇ. 25ರಂತೆ, 25 ವರ್ಷ ತುಂಬುವವರೆಗೆ. ಇದಲ್ಲದೆ ಭವಿಷ್ಯನಿಧಿ ಠೇವಣಿಗೆ ಜೋಡಿಸಿದ ವಿಮೆಯೊಂದಿದೆ, ಗರಿಷ್ಠ 7 ಲಕ್ಷ ರೂಪಾಯಿ. ಅದರ ಹೆಸರನ್ನು ಘಟಕದಲ್ಲಿ ಯಾರೂ ಎತ್ತಿರಲೇ ಇಲ್ಲ.

ಕಷ್ಟವಾದದ್ದು ಮನೆಯೊಳಗೆ. ನೆರೆಯವರೊಬ್ಬರು "ನಾಮಿನಿ ಎಂದರೆ ಎಲ್ಲವೂ ನಿಮ್ಮದೇ" ಎಂದು ಅತ್ತೆಯ ಕಿವಿಗೆ ಹಾಕಿದ್ದರು. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಹಲಸಿನ ಬೀಜ ಸುಲಿಯುತ್ತ ಕೂತಿದ್ದವರ ಪಕ್ಕದಲ್ಲಿ ಕೂತು, ಬ್ಯಾಂಕಿನಲ್ಲಿರುವ ಠೇವಣಿಯಲ್ಲೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೆ ಹೆಂಡತಿ ಮಕ್ಕಳಷ್ಟೇ ಪಾಲಿದೆ ಎಂದೆ. "ನನಗೂ ಉಂಟಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಕೇಳಿದರು.

ಕಾಗದದ ಕೆಲಸ ಬೇಸರದ್ದು. ನಗರಸಭೆಯಿಂದ ಮರಣ ಪತ್ರದ ಹತ್ತು ಪ್ರತಿ ತಂದೆ, ಹತ್ತೂ ಖರ್ಚಾದವು. ನಾಡಕಚೇರಿಯಲ್ಲಿ ವಂಶವೃಕ್ಷ, ಮಕ್ಕಳ ಜನನ ಪತ್ರ, ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆ. ಭವಿಷ್ಯನಿಧಿಗೆ ನಮೂನೆ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಎಲ್ಲವೂ ಸಿಕ್ಕಿಬಿದ್ದದ್ದು ಒಂದು ಅಕ್ಷರದಲ್ಲಿ: ಆಧಾರ್‌ನಲ್ಲಿ ಗಂಡನ ಪೂರ್ತಿ ಹೆಸರು, ಪಿಎಫ್ ದಾಖಲೆಯಲ್ಲಿ ಬರೀ ಇನಿಷಿಯಲ್. ಅದನ್ನು ಸರಿಪಡಿಸಲು ಘಟಕದವರ ಸಹಿಗಾಗಿ ಅದೇ ಕಂಪ್ಯೂಟರಿನ ಮುಂದೆ ಐದು ಸಲ ನಿಂತೆ. ಬದುಕಿರುವಾಗಲೇ ಗಂಡ ಹೆಂಡತಿ ಕೂತು ಇದೊಂದನ್ನು ನೋಡಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ.

ಪಿಂಚಣಿ ಈಗ ಬರುತ್ತಿದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಮರುಮದುವೆಯಾದರೆ ನನ್ನ ಪಾಲು ನಿಲ್ಲುತ್ತದೆ ಎಂಬುದನ್ನೂ ಹೇಳಿದ್ದಾರೆ. ಕಳೆದ ಸಲ, ಹೊಲಿಗೆಯಿಂದ ಸವೆದ ನನ್ನ ಬೆರಳನ್ನು ಯಂತ್ರ ಮೂರು ಬಾರಿ ತಿರಸ್ಕರಿಸಿತು. ನಾಲ್ಕನೆಯ ಬಾರಿಗೆ, ನಾನು ಬದುಕಿದ್ದೇನೆಂದು ಒಪ್ಪಿಕೊಂಡಿತು.